ಗಣಕಯಂತ್ರದ ಎಚ್ಚರಿಕೆ: ಯಾವಾಗ ದಾಟಬೇಕು, ಯಾವಾಗ ನಿಲ್ಲಬೇಕು

ನಮ್ಮ ಸಮಾಜ ಬಾಂಧವರಲ್ಲಿ ಇಂದು ಗಣಕಯಂತ್ರವಿಲ್ಲದ ಅಂಗಡಿ ಹುಡುಕಿದರೂ ಸಿಗುವುದು ಕಷ್ಟ. ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ಪೇಠೆಗಳಲ್ಲಿ ಕೆಂಪು ಬಟ್ಟೆಯ ಹೊದಿಕೆಯ ವಹಿಗಳು ದೀಪಾವಳಿಯ ಪೂಜೆಗೆ ಮಾತ್ರ ಎಂಬಂತಾಗಿದೆ. ಕೀರ್ದಿ, ಖಾತೆ, ಉದ್ರಿ, ಜಿಎಸ್‌ಟಿ ಎಲ್ಲವೂ ಪರದೆಯ ಮೇಲೆ ಬಂದಿವೆ. ಹೀಗಿರುವಾಗ ಅಂತರ್ಜಾಲದಿಂದ ಇಳಿಸಿಕೊಂಡ ಹೊಸ ತಂತ್ರಾಂಶವೊಂದನ್ನು ತೆರೆಯಲು ಹೋದರೆ ಒಮ್ಮೆಲೆ ನೀಲಿ ಪರದೆಯೊಂದು ಅಡ್ಡ ಬಂದು, 'ವಿಂಡೋಸ್ ನಿಮ್ಮ ಗಣಕವನ್ನು ರಕ್ಷಿಸಿದೆ' ಎಂಬ ಅರ್ಥದ ಇಂಗ್ಲಿಷ್ ಸಾಲು ಕಾಣಿಸುತ್ತದೆ. ಕೆಲಸ ಅಲ್ಲಿಗೇ ನಿಲ್ಲುತ್ತದೆ. ಅಂಗಡಿಯ ದಿವಾಣಜಿಯಿಂದ ಹಿಡಿದು ಮನೆಯ ಮಕ್ಕಳವರೆಗೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಇದನ್ನು ದಾಟುವುದು ಹೇಗೆ?"

ದಾಟುವ ದಾರಿ ಇದೆ, ಅದನ್ನು ಈ ಲೇಖನದಲ್ಲಿ ಹೇಳಿದ್ದೇವೆ. ಆದರೆ ಯಾವ ಎಚ್ಚರಿಕೆಯನ್ನು ದಾಟಬಹುದು, ಯಾವುದರ ಮುಂದೆ ನಿಂತು ಹಿಂದಿರುಗಬೇಕು ಎಂಬುದು ಅದಕ್ಕಿಂತ ಮೊದಲು ತಿಳಿಯಬೇಕಾದ ಸಂಗತಿ. ನಮ್ಮ ಓದು ಮ್ಯಾಟ್ರಿಕ್‌ವರೆಗಿನದು, ಯಂತ್ರಶಾಸ್ತ್ರ ಕಲಿತವರು ನಾವಲ್ಲ. ಆದರೂ ಇಪ್ಪತ್ತೈದು ವರ್ಷಗಳಿಂದ ಅಂಗಡಿಯ ಲೆಕ್ಕವನ್ನು ಗಣಕದಲ್ಲಿಯೇ ಇಡುತ್ತ, ತಿಳಿದವರನ್ನು ಕೇಳುತ್ತ, ಓದುತ್ತ ಬಂದದ್ದನ್ನು ವ್ಯಾಪಾರಿಗೆ ತಿಳಿಯುವ ಮಾತಿನಲ್ಲಿ ಇಲ್ಲಿ ಬರೆದಿದ್ದೇವೆ.

ಎಚ್ಚರಿಕೆ ಹೇಳುವುದಾದರೂ ಏನು?

ಈ ಪರದೆಯನ್ನು ಕಂಡ ಕೂಡಲೆ ಕೆಲವರು "ವೈರಸ್ ಬಂತು" ಎಂದು ಗಾಬರಿಯಾಗುತ್ತಾರೆ. ಇನ್ನು ಕೆಲವರು "ಇದು ಯಾವಾಗಲೂ ಹೀಗೆಯೇ" ಎಂದು ಓದದೆ ಮುಂದಿನ ಗುಂಡಿ ಒತ್ತುತ್ತಾರೆ. ಎರಡೂ ಸರಿಯಲ್ಲ. ಗೋದಾಮಿನ ಬಾಗಿಲಲ್ಲಿ ಕುಳಿತ ಕಾವಲುಗಾರ ಅಪರಿಚಿತನನ್ನು ತಡೆದು ಮಾಲೀಕರನ್ನು ಕರೆಯುತ್ತಾನೆ. "ಇವನು ಕಳ್ಳ" ಎಂದು ಅವನು ಹೇಳುವುದಿಲ್ಲ. "ಇವನ ಗುರುತು ನನಗಿಲ್ಲ, ನಿಮಗೆ ಇದೆಯೇ?" ಎಂದು ಕೇಳುತ್ತಾನೆ. ನೀಲಿ ಪರದೆಯ ಪ್ರಶ್ನೆಯೂ ಇದೇ. ಉತ್ತರ ಕೊಡಬೇಕಾದವರು ಮಾಲೀಕರಾದ ನಾವೇ.

ಈ ಪ್ರಶ್ನೆಯ ಹಿಂದೆ ಮೂರು ಸಂಗತಿಗಳಿವೆ.

ಮೊದಲನೆಯದು ಊರ ಹೊರಗಿನ ಚೀಟಿ. ಅಂತರ್ಜಾಲದಿಂದ ಇಳಿಸಿದ ಪ್ರತಿ ಫೈಲಿಗೂ ವಿಂಡೋಸ್ ಕಣ್ಣಿಗೆ ಕಾಣದಂತೆ "ಇದು ಹೊರಗಿನಿಂದ ಬಂದದ್ದು" ಎಂಬ ಚೀಟಿಯೊಂದನ್ನು ಅಂಟಿಸುತ್ತದೆ. ಈ ಏರ್ಪಾಡು 2004ರಲ್ಲಿ ವಿಂಡೋಸ್ ಎಕ್ಸ್‌ಪಿಯ ಎರಡನೆಯ ಸರ್ವಿಸ್ ಪ್ಯಾಕ್‌ನೊಂದಿಗೆ ಬಂತು. ಚೀಟಿ ಇದ್ದ ಫೈಲನ್ನು ತೆರೆಯುವಾಗ ಮಾತ್ರ ತಪಾಸಣೆ ನಡೆಯುತ್ತದೆ. ಸಾಮಾನ್ಯ ಪೆನ್‌ಡ್ರೈವಿಗೆ ಫೈಲನ್ನು ಹಾಕಿದರೆ ಈ ಚೀಟಿ ಉಳಿಯುವುದಿಲ್ಲ. ಆದುದರಿಂದ ಯಾರೋ ಪೆನ್‌ಡ್ರೈವಿನಲ್ಲಿ ತಂದುಕೊಟ್ಟ ತಂತ್ರಾಂಶಕ್ಕೆ ಎಚ್ಚರಿಕೆ ಬರಲಿಲ್ಲ ಎಂದ ಮಾತ್ರಕ್ಕೆ ಅದು ಒಳ್ಳೆಯದೆಂದು ತಿಳಿಯಬಾರದು.

ಎರಡನೆಯದು ಸಹಿ. ನಮ್ಮ ಹಿರಿಯರು ಹುಂಡಿ ಕೈಗೆ ಬಂದಾಗ ಮೊದಲು ನೋಡುತ್ತಿದ್ದುದು ಅಕ್ಷರ ಮತ್ತು ಸಹಿಯನ್ನು. ಬರೆದವರು ಯಾರು, ನಡುವೆ ಯಾರಾದರೂ ಅಂಕಿ ತಿದ್ದಿದ್ದಾರೆಯೇ ಎಂಬುದು ಅದರಿಂದ ತಿಳಿಯುತ್ತಿತ್ತು. ತಂತ್ರಾಂಶ ತಯಾರಿಸಿದವರೂ ಹೀಗೆಯೇ ಫೈಲಿಗೆ ಡಿಜಿಟಲ್ ಸಹಿ ಹಾಕುತ್ತಾರೆ. ಸಹಿಯಾದ ಮೇಲೆ ಒಂದು ಅಕ್ಷರ ಬದಲಾದರೂ ಸಹಿ ಮುರಿಯುತ್ತದೆ. ಆದರೆ ಹುಂಡಿಯ ಸಹಿ ಸಾಚಾ ಎಂದ ಮಾತ್ರಕ್ಕೆ ಹಣ ಬಂದೇ ಬರುತ್ತದೆ ಎಂದೇನೂ ಇರಲಿಲ್ಲ, ಇಲ್ಲಿಯೂ ಹಾಗೆಯೇ. 2017ರಲ್ಲಿ ಸಿಸಿಕ್ಲೀನರ್ ಎಂಬ ಹೆಸರಾಂತ ತಂತ್ರಾಂಶದ ಒಳಗೆ, ತಯಾರಕರ ಮನೆಯಲ್ಲಿಯೇ ಕಳ್ಳರು ನುಗ್ಗಿ ಕೆಟ್ಟ ಭಾಗವೊಂದನ್ನು ಸೇರಿಸಿದ್ದರು. ಅದು ಸರಿಯಾದ ಸಹಿಯೊಂದಿಗೇ ಸುಮಾರು 22 ಲಕ್ಷ ಗಣಕಗಳನ್ನು ತಲುಪಿತು.

ಮೂರನೆಯದು ಪೇಠೆಯಲ್ಲಿನ ಪತ್ತು. 2012ರ ವಿಂಡೋಸ್ 8ರಿಂದ ಈಚೆಗೆ ಸ್ಮಾರ್ಟ್‌ಸ್ಕ್ರೀನ್ ಎಂಬ ವ್ಯವಸ್ಥೆ ಪ್ರತಿ ಗಣಕದಲ್ಲಿಯೂ ಇದೆ. ಇದು ಫೈಲಿನ ಗುರುತನ್ನು ಮೈಕ್ರೋಸಾಫ್ಟ್‌ನ ಪಟ್ಟಿಯೊಂದಿಗೆ ಹೋಲಿಸಿ, ಇದನ್ನು ಬಹಳ ಜನ ಬಳಸಿ ಏನೂ ತೊಂದರೆಯಾಗಿಲ್ಲವೇ ಎಂದು ನೋಡುತ್ತದೆ. ಹೊಸದಾಗಿ ಅಂಗಡಿ ತೆರೆದವನಿಗೆ, ಅವನು ಎಷ್ಟೇ ಪ್ರಾಮಾಣಿಕನಾದರೂ, ಮೊದಲ ದಿನವೇ ಉದ್ರಿ ಸಿಗುವುದಿಲ್ಲವಲ್ಲ! ಸಣ್ಣ ಊರಿನ ಒಬ್ಬ ತಯಾರಿಸಿದ ಬಿಲ್ಲಿಂಗ್ ತಂತ್ರಾಂಶ, ಕೆಲವೇ ಜನ ಬಳಸುವ ಕನ್ನಡ ಟೈಪಿಂಗ್ ತಂತ್ರಾಂಶ ಇವೆಲ್ಲ ಇದೇ ಕಾರಣಕ್ಕೆ ನಿಲ್ಲಬಹುದು. ಸಹಿಯ ಪ್ರಮಾಣಪತ್ರಕ್ಕೆ ಹಣ ಕೊಡಬೇಕಾಗುವುದರಿಂದ ಎಷ್ಟೋ ಸಣ್ಣ ತಯಾರಕರು ಸಹಿ ಹಾಕುವುದೂ ಇಲ್ಲ.

ನೀಲಿ ಪರದೆಯನ್ನು ದಾಟುವ ಕ್ರಮ

ಫೈಲು ನಂಬಿಕೆಯ ಜಾಗದಿಂದ ಬಂದದ್ದೆಂದು ಖಾತ್ರಿಯಾದ ಮೇಲೆ ಮಾಡಬೇಕಾದುದು ಇಷ್ಟು. ಪರದೆಯಲ್ಲಿ 'ಡೋಂಟ್ ರನ್' ಎಂಬ ಗುಂಡಿ ಎದ್ದು ಕಾಣುತ್ತದೆ. ಅದರ ಮೇಲಿನ ಸಾಲಿನಲ್ಲಿ 'ಮೋರ್ ಇನ್ಫೋ' ಎಂದು ಸಣ್ಣದಾಗಿ ಇರುತ್ತದೆ. ಅದನ್ನು ಒತ್ತಿದರೆ ತಂತ್ರಾಂಶದ ಹೆಸರು, ಪ್ರಕಾಶಕರ ಹೆಸರು ಕಾಣುತ್ತವೆ. ಇಲ್ಲಿ ಅವಸರ ಮಾಡದೆ ಹೆಸರನ್ನು ಓದಬೇಕು. ಇಳಿಸಿಕೊಂಡದ್ದು ಒಂದು ಕಂಪನಿಯದು, ಇಲ್ಲಿ ಬರೆದಿರುವುದು ಮತ್ತೊಂದರದು ಎಂದಾದರೆ ಅಲ್ಲಿಗೇ ಬಿಡಬೇಕು. ಹೆಸರು ಸರಿಯಾಗಿದ್ದರೆ ಕೆಳಗೆ ಹೊಸದಾಗಿ ಬಂದ 'ರನ್ ಎನಿವೇ' ಗುಂಡಿಯನ್ನು ಒತ್ತಬಹುದು. ಕೆಲವು ಹೊಸ ವಿಂಡೋಸ್ 11 ಗಣಕಗಳಲ್ಲಿ ಸ್ಮಾರ್ಟ್ ಆ್ಯಪ್ ಕಂಟ್ರೋಲ್ ಎಂಬುದು ಚಾಲೂ ಇದ್ದರೆ ಈ ಗುಂಡಿಯೇ ಬರುವುದಿಲ್ಲ. ಒಂದು ಫೈಲಿನ ಸಲುವಾಗಿ ಆ ಕಾವಲನ್ನೇ ತೆಗೆದುಹಾಕುವುದು ಜಾಣತನವಲ್ಲ.

ಸಹಿಯನ್ನು ಮೊದಲೇ ನೋಡಬೇಕೆಂದರೆ ಫೈಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಪ್ರಾಪರ್ಟೀಸ್' ತೆರೆದು 'ಡಿಜಿಟಲ್ ಸಿಗ್ನೇಚರ್ಸ್' ಎಂಬ ಹಾಳೆಯನ್ನು ನೋಡಬಹುದು. ಆ ಹಾಳೆಯೇ ಇಲ್ಲದಿದ್ದರೆ ಸಹಿ ಇಲ್ಲವೆಂದು ಅರ್ಥ.

ಇದಾದ ಮೇಲೆ ಅನೇಕ ಸಲ ಇನ್ನೊಂದು ಪ್ರಶ್ನೆ ಬರುತ್ತದೆ: 'ಈ ತಂತ್ರಾಂಶ ನಿಮ್ಮ ಗಣಕದಲ್ಲಿ ಬದಲಾವಣೆ ಮಾಡಲು ಅನುಮತಿಸುವಿರಾ?' ಇದು 2007ರಲ್ಲಿ ವಿಸ್ಟಾದೊಂದಿಗೆ ಬಂದ ಪದ್ಧತಿ. ಈಗಿನ ವಿಂಡೋಸ್‌ನಲ್ಲಿ ಮೇಲಿನ ಪಟ್ಟಿ ನೀಲಿಯಾಗಿದ್ದರೆ ತಯಾರಕರ ಸಹಿ ತಾಳೆಯಾಗಿದೆ, ಹಳದಿಯಾಗಿದ್ದರೆ ತಯಾರಕರು ಯಾರೆಂದು ತಿಳಿದಿಲ್ಲ. ಇಲ್ಲಿ 'ಯೆಸ್' ಎನ್ನುವುದು ತಿಜೋರಿಯ ಕೀಲಿಯನ್ನು ಕೈಗೆ ಕೊಟ್ಟಂತೆ. ಫೋಟೋ ನೋಡುವ, ಪತ್ರ ಓದುವ ಫೈಲೊಂದು ಈ ಕೀಲಿಯನ್ನು ಕೇಳಿದರೆ ಕೊಡಲೇಬಾರದು.

ಸರಕಾರದ ಫೈಲೂ ನಿಲ್ಲುತ್ತದೆ

ನಮ್ಮ ವ್ಯಾಪಾರಿಗಳಿಗೆ ಅತಿ ಹೆಚ್ಚು ತೊಡಕಾಗುವುದು ತೆರಿಗೆಯ ಎಕ್ಸೆಲ್ ಫೈಲುಗಳಲ್ಲಿ. ಆದಾಯ ತೆರಿಗೆಯ ಎಕ್ಸೆಲ್ ಯುಟಿಲಿಟಿ, ಜಿಎಸ್‌ಟಿಆರ್-9ರ ಆಫ್‌ಲೈನ್ ಟೂಲ್ ಇವು ಮ್ಯಾಕ್ರೋ ಎಂಬ ಒಳಗಿನ ಆಜ್ಞೆಗಳಿಂದ ನಡೆಯುತ್ತವೆ. 2022ರಿಂದ ಮೈಕ್ರೋಸಾಫ್ಟ್ ಅಂತರ್ಜಾಲದಿಂದ ಬಂದ ಫೈಲುಗಳ ಮ್ಯಾಕ್ರೋಗಳನ್ನು ತಾನಾಗಿಯೇ ತಡೆಯುತ್ತದೆ. ಫೈಲು ತೆರೆದ ಕೂಡಲೆ ಮೇಲೆ ಕೆಂಪು ಪಟ್ಟಿ ಬಂದು, ಮೂಲ ನಂಬಿಕೆಯದಲ್ಲ ಎಂದು ಹೇಳುತ್ತದೆ. ಮೊದಲಿನ ಹಳದಿ ಪಟ್ಟಿಯಲ್ಲಿದ್ದ 'ಎನೇಬಲ್ ಕಂಟೆಂಟ್' ಗುಂಡಿ ಇದರಲ್ಲಿ ಇರುವುದಿಲ್ಲ. ಎಷ್ಟೋ ಜನ ಯುಟಿಲಿಟಿಯೇ ಕೆಟ್ಟಿದೆ ಎಂದು ಮೂರು ನಾಲ್ಕು ಸಲ ಇಳಿಸುತ್ತ ಕೂಡುತ್ತಾರೆ.

ಉಪಾಯ ಸರಳವಾಗಿದೆ. ಫೈಲನ್ನು ಮುಚ್ಚಿ, ಅದರ ಮೇಲೆ ಬಲಗುಂಡಿ ಒತ್ತಿ 'ಪ್ರಾಪರ್ಟೀಸ್' ತೆರೆಯಬೇಕು. ಮೊದಲ ಹಾಳೆಯ ತಳದಲ್ಲಿ 'ಅನ್‌ಬ್ಲಾಕ್' ಎಂಬ ಚೌಕವಿದೆ. ಅದರಲ್ಲಿ ಗುರುತು ಹಾಕಿ 'ಅಪ್ಲೈ' ಒತ್ತಿದರೆ ಆ ಹೊರಗಿನ ಚೀಟಿ ಹರಿದು ಹೋಗುತ್ತದೆ. ಸರಕಾರದ ಫೈಲುಗಳು ಜಿಪ್ ಗಂಟಾಗಿ ಬರುವುದರಿಂದ ಗಂಟು ಬಿಚ್ಚುವ ಮೊದಲೇ ಜಿಪ್ ಫೈಲಿಗೆ ಇದನ್ನು ಮಾಡಿದರೆ ಒಳಗಿನ ಫೈಲುಗಳಿಗೆ ಬೇರೆಬೇರೆಯಾಗಿ ಮಾಡುವ ಶ್ರಮ ಉಳಿಯುತ್ತದೆ.

ಆದರೆ ಇದಕ್ಕೆ ಒಂದು ಕಟ್ಟು ಇದೆ. ಫೈಲನ್ನು ನಾವೇ ಸರಕಾರದ ಜಾಲತಾಣಕ್ಕೆ ಹೋಗಿ ಇಳಿಸಿರಬೇಕು. ಅದರ ವಿಳಾಸ 'ಜಿಓವಿ ಡಾಟ್ ಇನ್' ಎಂದೇ ಮುಗಿಯಬೇಕು. "ನೋಟೀಸು ಬಂದಿದೆ, ಕೂಡಲೆ ತೆರೆಯಿರಿ" ಎಂದು ಮೇಲ್‌ನಲ್ಲಿ ಬಂದ ಎಕ್ಸೆಲ್ ಫೈಲಿಗೆ ಈ ಉಪಾಯ ಮಾಡಬಾರದು. ಈ ತಡೆಯನ್ನು ಸುಮ್ಮನೆ ಹಾಕಿದ್ದಲ್ಲ. 1999ರ ಮಾರ್ಚ್‌ನಲ್ಲಿ ಮೆಲಿಸ್ಸಾ ಎಂಬ ಮ್ಯಾಕ್ರೋ ವೈರಸ್ ವರ್ಡ್ ಫೈಲಿನೊಳಗೆ ಕುಳಿತು, ತೆರೆದವರ ವಿಳಾಸ ಪಟ್ಟಿಯ ಮೊದಲ 50 ಜನರಿಗೆ ತಾನೇ ಮೇಲ್ ಕಳಿಸಿಕೊಳ್ಳುತ್ತ ಜಗತ್ತೆಲ್ಲ ಹಬ್ಬಿತ್ತು. ಮರುವರ್ಷ, 2000ದ ಮೇ 4ರಂದು ಹೊರಟ 'ಐ ಲವ್ ಯೂ' ಎಂಬ ಹುಳ ಪ್ರೇಮಪತ್ರದ ವೇಷದಲ್ಲಿತ್ತು. ಅದರ ಹೆಸರಿನಲ್ಲಿ ಮೊದಲು 'ಟಿಎಕ್ಸ್‌ಟಿ' ಎಂದೂ ಕೊನೆಗೆ 'ವಿಬಿಎಸ್' ಎಂದೂ ಇತ್ತು. ವಿಂಡೋಸ್ ಹೆಸರಿನ ಬಾಲವನ್ನು ಮುಚ್ಚಿಡುವುದರಿಂದ ನೋಡಿದವರಿಗೆ ಅದು ಬರಿಯ ಪತ್ರವೆಂದೇ ಕಂಡಿತು. ಆದುದರಿಂದ ವಿಂಡೋಸ್ 11 ಇರುವವರು ಎಕ್ಸ್‌ಪ್ಲೋರರ್‌ನ 'ವ್ಯೂ' ಪಟ್ಟಿಯಲ್ಲಿ 'ಶೋ' ಒತ್ತಿ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಚಾಲೂ ಮಾಡಿಡುವುದು ಒಳ್ಳೆಯದು. 'ಬಿಲ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ' ಎಂಬ ಹೆಸರು ಕಂಡರೆ ಅದು ಬಿಲ್ಲಲ್ಲ, ಬಲೆ.

ಆ್ಯಪಲ್ ಗಣಕ ಇರುವವರಿಗೆ

ಪುಣೆ, ಬೆಂಗಳೂರುಗಳಲ್ಲಿ ಓದುವ, ನೌಕರಿ ಮಾಡುವ ನಮ್ಮ ಮಕ್ಕಳಲ್ಲಿ ಕೆಲವರ ಬಳಿ ಆ್ಯಪಲ್ ಕಂಪನಿಯ ಮ್ಯಾಕ್ ಇರುತ್ತದೆ. ಅದರಲ್ಲಿ 2012ರಿಂದ ಗೇಟ್‌ಕೀಪರ್ ಎಂಬ ದ್ವಾರಪಾಲಕನಿದ್ದಾನೆ. 2019ರಿಂದ ಹೊಸ ತಂತ್ರಾಂಶಗಳನ್ನು ಆ್ಯಪಲ್ ಮೊದಲೇ ಪರೀಕ್ಷಿಸಿ ಒಪ್ಪಿಗೆ ಕೊಟ್ಟಿರಬೇಕೆಂಬ ನಿಯಮವೂ ಬಂದಿದೆ. ಮೊದಲು ಕಂಟ್ರೋಲ್ ಕೀಲಿ ಹಿಡಿದು ಒತ್ತಿ 'ಓಪನ್' ಎಂದರೆ ಸಾಕಾಗುತ್ತಿತ್ತು. 2024ರಲ್ಲಿ ಬಂದ ಸಿಕೋಯಾ ಆವೃತ್ತಿಯಲ್ಲಿ ಆ ಒಳದಾರಿಯನ್ನು ಮುಚ್ಚಿದ್ದಾರೆ. ಈಗ ಒಮ್ಮೆ ತೆರೆಯಲು ಯತ್ನಿಸಿ, ಬಳಿಕ 'ಸಿಸ್ಟಮ್ ಸೆಟ್ಟಿಂಗ್ಸ್'ನ 'ಪ್ರೈವಸಿ ಅಂಡ್ ಸೆಕ್ಯುರಿಟಿ'ಗೆ ಹೋಗಿ ಕೆಳಗಿನ 'ಓಪನ್ ಎನಿವೇ' ಒತ್ತಬೇಕು. ಈ ಗುಂಡಿ ಸುಮಾರು ಒಂದು ತಾಸು ಮಾತ್ರ ಇರುತ್ತದೆ. 'ತಯಾರಕರ ಗುರುತು ಸಿಗಲಿಲ್ಲ' ಎಂಬ ಸೂಚನೆ ಬೇರೆ, 'ಇದು ನಿಮ್ಮ ಗಣಕಕ್ಕೆ ಹಾನಿ ಮಾಡುತ್ತದೆ' ಎಂಬ ಸೂಚನೆ ಬೇರೆ. ಎರಡನೆಯದು ಬಂದರೆ ವಾದಕ್ಕೆ ನಿಲ್ಲದೆ ಫೈಲನ್ನು ಕಸದ ಬುಟ್ಟಿಗೆ ಹಾಕಬೇಕು. ವಿಂಡೋಸ್‌ನಲ್ಲಿಯೂ ಆ್ಯಂಟಿವೈರಸ್ ಒಂದು ವೈರಸ್ಸಿನ ಹೆಸರು ಹಿಡಿದು ಹೇಳಿದಾಗ ಇದೇ ನಿಯಮ.

ಮೊಬೈಲಿನಲ್ಲಿ ದಾಟಲೇಬೇಡಿ

ಗಣಕದಲ್ಲಿ ವಿಚಾರಿಸಿ ದಾಟಬಹುದು ಎಂದೆವು. ಮೊಬೈಲಿನ ಮಟ್ಟಿಗೆ ನಮ್ಮ ಸಲಹೆ ಬೇರೆಯೇ ಇದೆ. ಬ್ಯಾಂಕಿನ ಓಟಿಪಿ ಬರುವ ಮೊಬೈಲಿನಲ್ಲಿ ಹೊರಗಿನ ಆ್ಯಪ್ ಹಾಕಲೇಬಾರದು. ಆಂಡ್ರಾಯ್ಡ್ ಮೊಬೈಲಿನ ಆ್ಯಪ್ ಫೈಲಿನ ಹೆಸರಿಗೆ 'ಎಪಿಕೆ' ಎಂಬ ಬಾಲ ಇರುತ್ತದೆ. ಮದುವೆಯ ಆಮಂತ್ರಣ, ಆರ್‌ಟಿಓ ಚಲನ್, ಬ್ಯಾಂಕಿನ ಕೆವೈಸಿ ಎಂಬ ಹೆಸರಿನಲ್ಲಿ ಇಂತಹ ಫೈಲುಗಳು ವಾಟ್ಸಾಪ್‌ನಲ್ಲಿ ಬರುತ್ತವೆ. ಲಗ್ನದ ಪತ್ರಿಕೆ ಚಿತ್ರವಾಗಿ ಬರಬಹುದು, ಪಿಡಿಎಫ್ ಆಗಿ ಬರಬಹುದು. ಆ್ಯಪ್ ಆಗಿ ಬರಬೇಕಾದ ಕಾರಣವೇ ಇಲ್ಲ. ಅಂತಹ ಫೈಲನ್ನು ಒತ್ತಿದಾಗ 'ಅಪರಿಚಿತ ಆ್ಯಪ್ ಹಾಕಲು ಅನುಮತಿ ಇಲ್ಲ' ಎಂದು ಮೊಬೈಲು ತಡೆಯುತ್ತದೆ. ಅದನ್ನು ಸೆಟ್ಟಿಂಗ್ಸ್‌ನಲ್ಲಿ ಬದಲಿಸಿ ಮುಂದೆ ಹೋದರೆ ಆ ಆ್ಯಪ್ ಎಸ್‌ಎಂಎಸ್ ಓದುವ ಅಧಿಕಾರ ಕೇಳುತ್ತದೆ. ಕೊಟ್ಟರೆ ನಮ್ಮ ಓಟಿಪಿ ನಮಗಿಂತ ಮೊದಲು ಕಳ್ಳನಿಗೆ ತಲುಪುತ್ತದೆ. ಈ ಹಾವಳಿಯನ್ನು ಕಂಡೇ ಗೂಗಲ್ 2024ರಲ್ಲಿ, ಎಸ್‌ಎಂಎಸ್ ಓದುವಂತಹ ಅಧಿಕಾರ ಕೇಳುವ ಹೊರಗಿನ ಆ್ಯಪ್‌ಗಳನ್ನು ತಾನಾಗಿಯೇ ತಡೆಯುವ ವ್ಯವಸ್ಥೆಯೊಂದನ್ನು ಭಾರತದಲ್ಲಿ ಪ್ರಯೋಗಕ್ಕೆ ತರುವುದಾಗಿ ಪ್ರಕಟಿಸಿತು.

ಮನೆಯ ಹಿರಿಯರಿಗೆ, ಹೆಣ್ಣುಮಕ್ಕಳಿಗೆ ಇದನ್ನು ಮುದ್ದಾಂ ಹೇಳಬೇಕು. ಫೈಲು ಬಂದದ್ದು ಪರಿಚಯದವರ ನಂಬರಿನಿಂದಲೇ ಇರಬಹುದು. ಅವರ ಮೊಬೈಲು ಕೆಟ್ಟವರ ಕೈಗೆ ಸಿಕ್ಕಿದ್ದರೆ ಅವರಿಗೇ ಗೊತ್ತಿಲ್ಲದೆ ಎಲ್ಲರಿಗೂ ಹೋಗಿರುತ್ತದೆ. ಅನುಮಾನ ಬಂದರೆ ಒಂದು ಫೋನು ಮಾಡಿ "ನೀವೇ ಕಳಿಸಿದಿರೇನು?" ಎಂದು ಕೇಳಿದರೆ ಮುಗಿಯಿತು.

ಪುಕ್ಕಟೆಯ ಬೆಲೆ

ಕೆಲವು ವರ್ಷಗಳ ಹಿಂದೆ ನಮ್ಮ ಪೇಠೆಯ ಒಂದು ಅಡತಿ ಅಂಗಡಿಯಲ್ಲಿ ನಡೆದ ಸಂಗತಿ ಇದು. ಹೆಸರು ಬೇಡ. ಲೆಕ್ಕದ ತಂತ್ರಾಂಶಕ್ಕೆ ಹಣ ಏಕೆ ಕೊಡಬೇಕೆಂದು ಅಲ್ಲಿಯ ತರುಣನೊಬ್ಬ ಅದರ ಕಳ್ಳ ಪ್ರತಿಯನ್ನು, ಅಂದರೆ ಕ್ರ್ಯಾಕ್ ಮಾಡಿದ್ದನ್ನು, ಎಲ್ಲಿಂದಲೋ ಇಳಿಸಿದ. ಅದರ ಜೊತೆ ಬಂದ ಸೂಚನೆಯಲ್ಲಿ "ಮೊದಲು ಆ್ಯಂಟಿವೈರಸ್ ಬಂದ್ ಮಾಡಿ, ಎಚ್ಚರಿಕೆ ಬಂದರೆ ಲಕ್ಷಿಸಬೇಡಿ" ಎಂದಿತ್ತು. ಹಾಗೆಯೇ ಮಾಡಿದ. ಎರಡು ಮೂರು ವಾರ ಏನೂ ಆಗಲಿಲ್ಲ. ಒಂದು ಮುಂಜಾನೆ ಅಂಗಡಿ ತೆರೆದು ನೋಡಿದರೆ ಲೆಕ್ಕದ ಎಲ್ಲ ಫೈಲುಗಳ ಹೆಸರಿಗೂ ಅರ್ಥವಾಗದ ಅಕ್ಷರಗಳು ಅಂಟಿಕೊಂಡಿದ್ದವು. ಹಣ ಕೊಟ್ಟರೆ ಬಿಡಿಸಿಕೊಡುತ್ತೇವೆ ಎಂಬ ಪತ್ರವೂ ಇತ್ತು. ಬ್ಯಾಕಪ್ ಡಿಸ್ಕು ಸದಾ ಗಣಕಕ್ಕೆ ಚುಚ್ಚಿಯೇ ಇದ್ದುದರಿಂದ ಅದೂ ಹೋಗಿತ್ತು. ಅದು ಮಾರ್ಚ್ ತಿಂಗಳು. ರೈತರಿಗೆ ಕೊಟ್ಟ ಪಟ್ಟಿಗಳ ಕಾರ್ಬನ್ ಪ್ರತಿ, ಬ್ಯಾಂಕಿನ ಪಾಸ್‌ಬುಕ್, ಲೆಕ್ಕಪರಿಶೋಧಕರ ಬಳಿ ಇದ್ದ ಹಳೆಯ ಪ್ರತಿ ಇವುಗಳಿಂದ ಮನೆಮಂದಿಯೆಲ್ಲ ರಾತ್ರಿ ಹಗಲು ಕುಳಿತು ಮತ್ತೆ ಬರೆದರು. ಆದರೆ ಉದ್ರಿಯ ಲೆಕ್ಕ ಎಲ್ಲಿಂದ ತರುವುದು? ಹಲವು ಬಾಕಿದಾರರು ತಾವಾಗಿಯೇ ಬಂದು "ನಮ್ಮ ಕಡೆ ಇಷ್ಟು ಇದೆ" ಎಂದು ಹೇಳಿದರು. ಕೆಲವರು ಸುಮ್ಮನಿದ್ದರು. ಆ ಸುಮ್ಮನಿದ್ದವರ ಹಣ ಇಂದಿಗೂ ಬಂದಿಲ್ಲ.

ಆ ಪ್ರಸಂಗದಲ್ಲಿ ಎಚ್ಚರಿಕೆಯ ಪರದೆ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. "ಕಾವಲುಗಾರನನ್ನು ಮನೆಗೆ ಕಳಿಸಿ, ಆಮೇಲೆ ಬಾಗಿಲು ತೆರೆಯಿರಿ" ಎಂದು ಹೇಳುವ ಮಾರಾಟಗಾರನನ್ನು ನಾವು ಪೇಠೆಯಲ್ಲಿ ನಂಬುವುದಿಲ್ಲ, ಗಣಕದಲ್ಲಿ ಮಾತ್ರ ಏಕೆ ನಂಬಬೇಕು? ಕ್ರ್ಯಾಕ್ ಮಾಡಿದ ತಂತ್ರಾಂಶ ಎಂದರೆ ಇನ್ನೊಬ್ಬರ ದುಡಿಮೆಯನ್ನು ಕೊಡದೆ ತೆಗೆದುಕೊಂಡದ್ದು. ಅಚೌರ್ಯ ವ್ರತವನ್ನು ಚಿಕ್ಕಂದಿನಿಂದ ಕೇಳಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒತ್ತುವ ಮೊದಲು ಐದು ಪ್ರಶ್ನೆ

ನಮ್ಮ ಅಂಗಡಿಯಲ್ಲಿ ಗಣಕದ ಪಕ್ಕದ ಗೋಡೆಗೆ ಈ ಐದು ಪ್ರಶ್ನೆಗಳನ್ನು ಬರೆದು ಅಂಟಿಸಿದ್ದೇವೆ.

1. ಈ ಫೈಲನ್ನು ನಾವೇ ಹುಡುಕಿಕೊಂಡು ಹೋಗಿ ತಂದೆವೋ, ತಾನಾಗಿ ಬಂತೋ? ತಾನಾಗಿ ಬಂದದ್ದಾದರೆ ತೆರೆಯಬಾರದು.

2. ತಯಾರಕರ ಸ್ವಂತ ಜಾಲತಾಣದಿಂದಲೇ ಇಳಿಸಿದ್ದೇವೆಯೇ? ಹುಡುಕಿದಾಗ ಮೇಲೆ ಕಾಣುವ ಜಾಹೀರಾತು ನಕಲಿ ತಾಣದ್ದೂ ಇರಬಹುದು.

3. ಪರದೆಯಲ್ಲಿನ ಪ್ರಕಾಶಕರ ಹೆಸರು ತಾಳೆಯಾಗುತ್ತದೆಯೇ?

4. ಫೋನಿನಲ್ಲಿ ಯಾರಾದರೂ "ಒತ್ತಿರಿ, ಒತ್ತಿರಿ" ಎಂದು ಅವಸರಪಡಿಸುತ್ತಿದ್ದಾರೆಯೇ? ಹಾಗಿದ್ದರೆ ಫೋನು ಇಟ್ಟುಬಿಡಬೇಕು. ದೂರದಿಂದ ಪರದೆ ನೋಡುವ ಆ್ಯಪ್ ಹಾಕಿಸಿ ಹಣ ದೋಚುವ ರೀತಿಯ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲಿಯೇ ಬ್ಯಾಂಕುಗಳನ್ನು ಎಚ್ಚರಿಸಿತ್ತು.

5. ನಿನ್ನೆಯ ಬ್ಯಾಕಪ್ ಗಣಕದಿಂದ ಬಿಡಿಸಿ ಕಪಾಟಿನಲ್ಲಿ ಇಟ್ಟಿದ್ದೇವೆಯೇ?

ಐದಕ್ಕೂ ಸಮಾಧಾನದ ಉತ್ತರ ಸಿಕ್ಕರೂ ಮನಸ್ಸು ಒಪ್ಪದಿದ್ದರೆ ವೈರಸ್‌ಟೋಟಲ್ ಎಂಬ ಜಾಲತಾಣವಿದೆ. ಅಲ್ಲಿ ಫೈಲನ್ನು ಹಾಕಿದರೆ ಹತ್ತಾರು ಆ್ಯಂಟಿವೈರಸ್‌ಗಳು ಒಟ್ಟಿಗೇ ನೋಡಿ ಹೇಳುತ್ತವೆ, ಹಣ ಕೊಡಬೇಕಾಗಿಲ್ಲ. ಆದರೆ ಅಲ್ಲಿಗೆ ತಂತ್ರಾಂಶದ ಫೈಲನ್ನು ಮಾತ್ರ ಹಾಕಬೇಕು. ಅಲ್ಲಿ ಹಾಕಿದ್ದು ಬೇರೆಯವರ ಕೈಗೂ ಹೋಗುವುದರಿಂದ ಅಂಗಡಿಯ ಲೆಕ್ಕದ ಫೈಲನ್ನು ಹಾಕಬಾರದು. ಹಳೆಯ ವಿಂಡೋಸ್ ಇಟ್ಟುಕೊಂಡವರೂ ಯೋಚಿಸಬೇಕು. ವಿಂಡೋಸ್ 7ರ ಬೆಂಬಲ 2020ರ ಜನವರಿಯಲ್ಲಿ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ.

ತಪ್ಪಿ ಒತ್ತಿದರೆ

ಒತ್ತಿದ ಮೇಲೆ ಅನುಮಾನ ಬಂದರೆ ಮೊದಲು ಇಂಟರ್‌ನೆಟ್ ತಂತಿಯನ್ನು ಕೀಳಬೇಕು, ವೈಫೈ ಬಂದ್ ಮಾಡಬೇಕು. ಬ್ಯಾಕಪ್ ಡಿಸ್ಕನ್ನು ಆ ಗಣಕಕ್ಕೆ ಚುಚ್ಚಬಾರದು. ಬ್ಯಾಂಕಿನ ಗುಪ್ತಪದವನ್ನು ಬೇರೆ ಗಣಕದಿಂದ ಬದಲಿಸಬೇಕು. ಹಣ ಹೋಗಿದ್ದರೆ ಬ್ಯಾಂಕಿಗೆ ತಿಳಿಸಿ, ತಡಮಾಡದೆ 1930 ನಂಬರಿಗೆ ಫೋನು ಮಾಡಬೇಕು. ಇದು ದೇಶದಾದ್ಯಂತ ನಡೆಯುವ ಸೈಬರ್ ವಂಚನೆಯ ಸಹಾಯವಾಣಿ. ದೂರು ಬೇಗ ಹೋದಷ್ಟೂ ಹಣ ಮುಂದಿನ ಖಾತೆಗಳಿಗೆ ಹರಿದುಹೋಗುವ ಮೊದಲೇ ತಡೆಯುವ ಆಸೆ ಇರುತ್ತದೆ. ಮನೆಯಲ್ಲಿ ಬೈಯುತ್ತಾರೆಂದು ಹೆದರಿ ಮಗನೋ ಸೊಸೆಯೋ ಎರಡು ದಿನ ಬಾಯಿ ಮುಚ್ಚಿಕೊಂಡರೆ ಆ ಎರಡು ದಿನವೇ ಕಳ್ಳನಿಗೆ ಲಾಭ. ಆದುದರಿಂದ ಇಂತಹ ಮಾತನ್ನು ಕೂಡಲೆ ಹೇಳುವಂತಹ ವಾತಾವರಣವನ್ನು ಮನೆಯ ಯಜಮಾನರು ಇಡಬೇಕು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನಮಗೆಲ್ಲ ಗೊತ್ತಿದೆ. ಹೊಸ ಗಿರಾಕಿಗೆ ಉದ್ರಿ ಕೊಡುವ ಮುನ್ನ ನಾವು ನಾಲ್ಕು ಜನರನ್ನು ವಿಚಾರಿಸುತ್ತೇವೆ. ಹೊಸ ಫೈಲಿಗೂ ಅಷ್ಟೇ ವಿಚಾರಣೆ ಮಾಡಿದರೆ ಎರಡು ನಿಮಿಷ ಹೋಗುತ್ತದೆ, ವರ್ಷಗಳ ಲೆಕ್ಕ ಉಳಿಯುತ್ತದೆ. ಓದುಗ ಬಾಂಧವರು ಈ ಐದು ಪ್ರಶ್ನೆಗಳನ್ನು ಬರೆದು ತಮ್ಮ ಅಂಗಡಿಯಲ್ಲಿಯೂ ಅಂಟಿಸಬೇಕೆಂದು, ಗಣಕದ ಮುಂದೆ ಕೂಡುವ ದಿವಾಣಜಿಗೆ ಮತ್ತು ಮಕ್ಕಳಿಗೆ ಒಮ್ಮೆ ಓದಿ ಹೇಳಬೇಕೆಂದು ನಮ್ಮ ವಿನಂತಿ.